ಹೆಗಲ ಮೇಲಿನ ಬೆಲ್ಟು

ನಾಚಿಕೆಯೂ ಒಂದು ಕಾಯಿಲೆಯೇ ಇರಬೇಕು ಎಂದು ಈಚೆಗೆ ನನಗೆ ಅನಿಸುತ್ತಿದೆ. ನೆಗಡಿಗೆ ಮೆಣಸಿನ ಕಷಾಯವಾದರೂ ಇದೆ, ಇದಕ್ಕೆ ಅದೂ ಇಲ್ಲ. ನಾನು ಏಳನೇ ಕ್ಲಾಸಿನವರೆಗೆ ನಮ್ಮೂರ ಶಾಲೆಯಲ್ಲಿ ಓದಿದವಳು. ಆ ಏಳು ವರ್ಷವೂ ಮೇಷ್ಟ್ರು ಪ್ರಶ್ನೆ ಕೇಳಿದಾಗಲೆಲ್ಲ, ಉತ್ತರ ಗೊತ್ತಿದ್ದರೂ ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತಿದ್ದೆ. ಏನೂ ಗೊತ್ತಿಲ್ಲದ ಗಂಡುಹುಡುಗರು ಎದ್ದು ನಿಂತು ತಪ್ಪನ್ನೇ ಗಟ್ಟಿಯಾಗಿ ಹೇಳಿ ಕೂರುತ್ತಿದ್ದರು. ಒಂದು ಸಲ ಮೇಷ್ಟ್ರು ನನ್ನ ಸ್ಲೇಟು ತಿರುಗಿಸಿ ನೋಡಿ, ‘ಉತ್ತರ ಬರೆದುಕೊಂಡೇ ಕೂತಿದ್ದೀಯಲ್ಲ, ಬಾಯಲ್ಲೇನು ಹಾಗಲಕಾಯಿ ಇಟ್ಟುಕೊಂಡಿದ್ದೀಯಾ?’ ಎಂದಿದ್ದರು. ಮಕ್ಕಳೇ, ಮೊನ್ನೆ ನಾನು ಕಾರಿನಲ್ಲಿ ಮೂರು ಸಲ ಬೆಲ್ಟು ಎಳೆದು ನೋಡಿದಾಗ ನಿಮ್ಮಲ್ಲಿ ದೊಡ್ಡವನು, ‘ಅಜ್ಜೀ, ನೀನೇನು ಟ್ರಾಫಿಕ್ ಪೊಲೀಸಾ?’ ಎಂದು ಕೇಳಿದನಲ್ಲ, ಆಗಲೂ ಬಾಯಲ್ಲಿ ಹಾಗಲಕಾಯಿಯೇ ಇತ್ತು. ಅದಕ್ಕೇ ಸ್ಲೇಟಿನ ಮೇಲೆ ಬರೆದ ಹಾಗೆ ಇದನ್ನು ಬರೆದಿಡುತ್ತಿದ್ದೇನೆ. ನಾನು ಇಲ್ಲದಾಗ ತಿರುಗಿಸಿ ಓದಿಕೊಳ್ಳಿ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮಾಗಡಿ ಕಡೆಯ ನಮ್ಮಂಥ ಊರುಗಳಿಂದ ಹುಡುಗಿಯರು ನೀಲಿ ಕೋಟು ಹಾಕಿಕೊಂಡು ಬಿಡದಿಯ ಕಾರ್ಖಾನೆಗಳ ಬಸ್ಸು ಹತ್ತಲು ಶುರುಮಾಡಿದ್ದರು. ನಿಮ್ಮಮ್ಮ ಪ್ರೇಮಳಿಗೆ ಆಗ ಮದುವೆಯಾಗಿರಲಿಲ್ಲ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕಾರಿನ ಸೀಟ್ ಬೆಲ್ಟು ಹೊಲಿಯುವ ಕೆಲಸ ಅವಳದು. ದಿನವಿಡೀ ಬೆಲ್ಟು ಹೊಲಿದು ಬಂದವಳು ಮನೆಯಲ್ಲಿ ಸೂಜಿ ಮುಟ್ಟುತ್ತಿರಲಿಲ್ಲ. ಹರಿದ ರವಿಕೆ ಕೊಟ್ಟರೆ, ‘ನನ್ ಕೈಗೆ ರಜಾ ಕಣವ್ವ, ನೀನೇ ಹೊಲ್ಕೊ’ ಎನ್ನುತ್ತಿದ್ದಳು. ನಿಮ್ಮ ತಾತನಿಗಂತೂ ಮಗಳ ಕೆಲಸವೆಂದರೆ ಎಲ್ಲಿಲ್ಲದ ಜಂಬ. ಅರಳಿಕಟ್ಟೆಯಲ್ಲಿ ಕೂತು, ‘ನಮ್ ಪ್ರೇಮ ಹೊಲ್ದಿರೋ ಬೆಲ್ಟಲ್ಲಿ ಎಮ್ಮೆ ನೇತಾಕಿದ್ರೂ ಹರಿಯಕ್ಕಿಲ್ಲ ಕಣ್ರಲಾ’ ಎಂದರೆ, ಪಕ್ಕದ ಮನೆಯ ತಿಮ್ಮಣ್ಣ, ‘ಎಮ್ಮೆ ಯಾಕ್ಲಾ ಕಾರಲ್ಲಿ ಕುಂತ್ಕತ್ತದೆ?’ ಎಂದು ಕೇಳುತ್ತಿದ್ದ. ತಾತ ಬಿಡುವವರೇ? ‘ನೀನು ಕುಂತ್ಕಳಲ್ವಾ, ಹಂಗೆ’ ಎನ್ನುತ್ತಿದ್ದರು.

ಅವಳು ಕೆಲಸಕ್ಕೆ ಸೇರಿ ಮೂರು ವರ್ಷವಾದ ಮೇಲೆ ತಾತ ಒಂದು ಬಿಳಿ ಕಾರು ಕೊಂಡರು. ಬೇರೆಯವರು ಓಡಿಸಿ ಬಿಟ್ಟದ್ದು, ಆದರೆ ತೀರ ಹಳೆಯದಲ್ಲ. ಕುಂಕುಮ ಹಚ್ಚಿ ಪೂಜೆ ಮಾಡುವ ಮೊದಲೇ ನಿಮ್ಮಮ್ಮ ಒಳಗೆ ತಲೆ ಹಾಕಿ, ಬೆಲ್ಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ‘ಅಪ್ಪ, ಇದು ನಮ್ ಕಂಪನೀದೇ! ಈ ಹೊಲಿಗೆ ನೋಡು, ನಮ್ ಲೈನಿಂದು. ನಾನೇ ಹಾಕಿದ್ರೂ ಹಾಕಿರ್ಬೋದು’ ಎಂದು ಕುಣಿದಳು. ಅಂದಿನಿಂದ ನನ್ನ ಬೆಲ್ಟು ಹಾಕುವುದು ತಾತನ ಕೆಲಸವಾಯಿತು. ನನಗೆ ಅದರ ನಾಲಿಗೆಯನ್ನು ಲಾಕಿಗೆ ಸೇರಿಸಲು ಬರುವುದಿಲ್ಲ ಎಂದು ಅವರು ತಿಳಿದಿದ್ದರು. ಬರುತ್ತಿತ್ತು. ಹೇಳಲು ನಾಚಿಕೆ.

ಆದರೆ ತಮ್ಮ ಬೆಲ್ಟನ್ನು ಮಾತ್ರ ಅವರು ಎಂದೂ ಹಾಕಿಕೊಂಡವರಲ್ಲ. ‘ಹೊಟ್ಟೆಗೆ ಹಗ್ಗ ಬಿಗ್ದಂಗಾಯ್ತದೆ ಕಣಮ್ಮಿ’ ಎನ್ನುವರು. ಮೈಸೂರು ರಸ್ತೆಗೆ ಸೇರಿ ದೂರದಲ್ಲಿ ಖಾಕಿ ಕಂಡರೆ ಸಾಕು, ಬೆಲ್ಟನ್ನು ಎಳೆದು ಬಲ ಹೆಗಲ ಮೇಲಿಂದ ಇಳಿಬಿಟ್ಟು, ಅದರ ತುದಿಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುವರು. ಹೊರಗಿನಿಂದ ನೋಡಿದವರಿಗೆ ಬೆಲ್ಟು ಹಾಕಿಕೊಂಡ ಹಾಗೆಯೇ ಕಾಣುತ್ತಿತ್ತು. ಜೀವನವಿಡೀ ಹೆಗಲಿಗೆ ಟವೆಲ್ಲು ಹಾಕಿದವರಿಗೆ ಅದೂ ಒಂದು ಟವೆಲ್ಲು. ಅವರೊಬ್ಬರೇ ಅಲ್ಲ, ಆ ಕಾಲದಲ್ಲಿ ನಮ್ಮ ಕಡೆ ಅರ್ಧ ಜನ ಹಾಗೆಯೇ ಹಾಕುತ್ತಿದ್ದರು. ಮಗಳು ಕೇಳಿದರೆ, ‘ಹಾಕ್ದೆ ಇರ್ತೀನಾ? ನನ್ ಮಗಳು ಹೊಲ್ದಿರೋದು!’ ಎನ್ನುವರು. ನಾನು ಪಕ್ಕದಲ್ಲಿ ಸುಮ್ಮನಿರುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ ನಾವಿಬ್ಬರೇ ಬಿಡದಿಗೆ ಹೊರಟಿದ್ದೆವು. ತಾತನಿಗೆ ತಟ್ಟೆ ಇಡ್ಲಿ ತಿನ್ನುವ ಆಸೆ. ಮಗಳಿಗೆ ಅಂದೂ ಪಾಳಿಯಿತ್ತು, ಅವಳಿಗೂ ಕಟ್ಟಿಸಿಕೊಂಡು ಹೋಗಿ ಕೊಡೋಣ ಎಂದರು. ದೊಡ್ಡ ರಸ್ತೆಯಲ್ಲಿ ಪೊಲೀಸರು ನಿಂತಿದ್ದರು. ಟವೆಲ್ಲು ಹೆಗಲಿಗೇರಿತು. ದಾಟಿದ ಮೇಲೆ, ‘ನೋಡ್ದಾ, ಕಣ್ಣೆತ್ತಿಯೂ ನೋಡ್ನಿಲ್ಲ’ ಎಂದು ನಕ್ಕರು. ಎರಡು ಸೀಟಿನ ನಡುವೆ ಎರಡು ಲಾಕು ಪಕ್ಕಪಕ್ಕದಲ್ಲೇ ಇರುತ್ತವೆ, ನೀವು ನೋಡಿದ್ದೀರಿ. ಒಂದರಲ್ಲಿ ನನ್ನ ಬೆಲ್ಟು ಕೂತಿತ್ತು. ಇನ್ನೊಂದು ಖಾಲಿ. ನಾನು ಆ ಖಾಲಿಯನ್ನೇ ನೋಡುತ್ತಿದ್ದೆ. ಕೈ ಚಾಚಿದರೆ ಒಂದು ಗೇಣು. ಆದರೆ ಹಗಲು ಹೊತ್ತಿನಲ್ಲಿ, ಬಸ್ಸು ಲಾರಿಯವರೆಲ್ಲ ನೋಡುವಾಗ, ಗಂಡನ ತೊಡೆಯ ಕೆಳಗಿನಿಂದ ಬೆಲ್ಟು ಎಳೆಯುವುದೇ? ಮದುವೆಯಾಗಿ ಮೂವತ್ತು ವರ್ಷವಾದರೂ ನಾನು ನಾಲ್ಕು ಜನರ ಎದುರು ಅವರನ್ನು ಮುಟ್ಟಿದವಳಲ್ಲ. ಇಡ್ಲಿ ಹೋಟೆಲ್ಲು ಬಂದ ಮೇಲೆ ಹೇಳೋಣ ಎಂದುಕೊಂಡೆ. ಅಡ್ಡರಸ್ತೆಯಿಂದ ಒಂದು ಲಾರಿ ನುಗ್ಗಿ ಬಂತು. ಹೋಟೆಲ್ಲು ಬರಲಿಲ್ಲ.

ತಾತ ಅಲ್ಲೇ ಹೋದರು. ನನ್ನನ್ನು ಬೆಲ್ಟು ಹಿಡಿದುಕೊಂಡಿತು. ಹಿಡಿದ ರಭಸಕ್ಕೆ ಕತ್ತಿನ ಕೆಳಗಿನ ಮೂಳೆಯೂ ಎರಡು ಪಕ್ಕೆಲುಬೂ ಮುರಿದವು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಗಂಡು ಡಾಕ್ಟರು, ‘ಎಲ್ಲಿ ನೋವಮ್ಮಾ?’ ಎಂದರೆ ನಾನು, ‘ಹೆಗಲು’ ಎಂದೆ. ಎದೆ ಎನ್ನಲು ಬಾಯಿ ಬರಲಿಲ್ಲ. ಅವರು ಪಾಪ ಹೆಗಲನ್ನೇ ನೋಡಿ, ಹೆಗಲೆಂದೇ ಬರೆದರು. ಮೂರನೇ ದಿನ ಸೀರೆ ಬದಲಿಸಲು ಬಂದ ನರ್ಸಮ್ಮ ನೋಡಿ ಕಿರುಚಿಕೊಂಡಳು. ಎಡ ಹೆಗಲಿನಿಂದ ಬಲ ಸೊಂಟದವರೆಗೆ, ಅಂಗೈಯಗಲ, ನೇರಳೆ ಹಣ್ಣಿನ ಬಣ್ಣದ ಪಟ್ಟೆ. ನಮ್ಮ ವಂಶದಲ್ಲಿ ಯಾರೂ ಜನಿವಾರ ಹಾಕಿದವರಲ್ಲ. ನನಗೆ ಮಾತ್ರ ಕಾರು ಉಪನಯನ ಮಾಡಿಸಿತ್ತು.

ಆ ಪಟ್ಟೆ ನೋಡಿ ನಿಮ್ಮಮ್ಮ ಅತ್ತಳು. ‘ನನ್ ಬೆಲ್ಟೇ ನಿನ್ನ ಹಿಂಗ್ ಮಾಡ್ತಲ್ಲವ್ವ.’

‘ಅದಿಲ್ದಿದ್ರೆ ನಾನೂ ಇರ್ತಿರ್ನಿಲ್ಲ ಕಣೆ’ ಎಂದೆ.

‘ಹಂಗಾದ್ರೆ ಅಪ್ಪನ್ನ ಯಾಕವ್ವ ಹಿಡ್ಕಳ್ನಿಲ್ಲ? ಎತ್ತಿದೋರು ಹೇಳಿದ್ರು, ಬೆಲ್ಟು ಅಪ್ಪನ ಮೈಮೇಲೇ ಇತ್ತಂತಲ್ಲ. ಬಿಚ್ಕೊಂಬುಡ್ತಾ? ಹೊಲಿಗೆ ಬುಡ್ತಾ?’

ಆಗ ಉತ್ತರ ನನ್ನ ಸ್ಲೇಟಿನ ಮೇಲೆ ಬರೆದೇ ಇತ್ತು. ಅಡ್ಡ ಹಿಡಿದುಕೊಂಡೆ. ಹಾಕಿರಲಿಲ್ಲ ಎಂದರೆ, ನೀನು ನೋಡಿದ್ದೆಯಾ ಎಂದು ಕೇಳುತ್ತಾಳೆ. ಅದಕ್ಕೇನು ಹೇಳಲಿ? ಕೆಲಸಕ್ಕೆ ಹಿಂತಿರುಗಿದ ನಿಮ್ಮಮ್ಮ ಮಿಷನ್ನಿನ ಮುಂದೆ ಕೂತರೆ ಕೈ ಓಡುತ್ತಿರಲಿಲ್ಲವಂತೆ. ಪ್ರತಿ ಬೆಲ್ಟನ್ನೂ ಮತ್ತೆ ಬಿಚ್ಚಿ ಹೊಲಿಯುತ್ತಿದ್ದಳಂತೆ. ಕೊನೆಗೆ ಅವಳನ್ನು ಡಬ್ಬ ಕಟ್ಟುವ ಕಡೆಗೆ ಹಾಕಿದರು. ಮನೆಗೆ ಬಂದರೆ ಊಟ ಸೇರದು. ದಿನಕ್ಕೆ ಒಂದು ಸಲ, ‘ಅಪ್ಪ ಲಾಕ್ ಹಾಕಿದ್ರು ಅಲ್ವೇನವ್ವ?’ ಎಂದು ಕೇಳುವಳು. ನಾನು ಒಲೆ ಊದಲು ಹೋಗುತ್ತಿದ್ದೆ. ಗ್ಯಾಸು ಬಂದು ನಾಲ್ಕು ವರ್ಷವಾಗಿತ್ತು, ಆದರೂ ಊದಲು ಏನಾದರೂ ಹುಡುಕುತ್ತಿದ್ದೆ.

ಪರಿಹಾರಕ್ಕೆ ರಾಮನಗರದ ಕೋರ್ಟಿನಲ್ಲಿ ಕೇಸು ಹಾಕಿದೆವು. ನಿಮ್ಮಮ್ಮನ ಮದುವೆ ಅದನ್ನೇ ನಂಬಿತ್ತು. ನಮ್ಮ ವಕೀಲರು ರೇಷ್ಮೆಗೂಡಿನ ಮಾರ್ಕೆಟ್ಟಿನ ಹತ್ತಿರ ಕೂರುತ್ತಿದ್ದರು. ಡಾಕ್ಟರ ಚೀಟಿ ನೋಡಿ, ‘ಏನಮ್ಮಾ, ಮೂಳೆ ಮುರಿದದ್ದು ಎದೇಲಿ, ಬರೆಸಿರೋದು ಹೆಗಲು!’ ಎಂದು ಹಣೆ ಚಚ್ಚಿಕೊಂಡರು. ಅದನ್ನು ಹೇಗೋ ಸರಿಮಾಡಿಸಿದರು. ಆಮೇಲೆ, ‘ಲಾರಿ ಕಡೆ ವಕೀಲರು ಬೆಲ್ಟಿನ ಮಾತು ಎತ್ತೇ ಎತ್ತುತ್ತಾರೆ. ಯಜಮಾನ್ರು ಹಾಕಿರಲಿಲ್ಲ ಅಂದರೆ ಅವರದೂ ತಪ್ಪು ಅಂತ ಪರಿಹಾರ ಕತ್ತರಿಸುತ್ತಾರೆ. ಬೆಲ್ಟು ಮೈಮೇಲಿತ್ತು ಅನ್ನಿ, ಸಾಕು. ಸುಳ್ಳೇನಲ್ಲವಲ್ಲ?’ ಎಂದರು. ಸುಳ್ಳಲ್ಲ, ನಿಜ. ನನ್ನಂಥವಳಿಗೆ ಹೇಳಿ ಮಾಡಿಸಿದ ನಿಜ.

ಕೋರ್ಟಿನ ಕಟಕಟೆಯಲ್ಲಿ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಜಡ್ಜು ಎರಡು ಸಲ, ‘ಗಟ್ಟಿಯಾಗಿ ಹೇಳಿ’ ಎಂದು, ಕೊನೆಗೆ ಜವಾನನನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿದರು. ನಾನು ಪಿಸುಗುಟ್ಟಿದ್ದನ್ನು ಅವನು ಊರಿಗೆಲ್ಲ ಸಾರುವವನಂತೆ ಕೂಗುವನು. ಎದುರು ವಕೀಲರು ಎದ್ದು, ‘ನಿಮ್ಮ ಯಜಮಾನರು ಬೆಲ್ಟು ಹಾಕಿದ್ದರೇ?’ ಎಂದರು.

‘ಹೆಗಲ ಮೇಲಿತ್ತು ಸ್ವಾಮಿ.’

‘ಹೆಗಲ ಮೇಲಿತ್ತಂತೆ ಸ್ವಾಮೀ!’

ನಮ್ಮ ವಕೀಲರು ನೆಮ್ಮದಿಯಾಗಿ ತಲೆಯಾಡಿಸಿದರು. ನನ್ನ ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ನಿಮ್ಮಮ್ಮ ಅಲ್ಲಿ ಕೂತು ಎರಡು ಕೈಯನ್ನೂ ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು, ಯಾರೋ ಆ ಕೈ ನೋಡಿಬಿಡುತ್ತಾರೆ ಎನ್ನುವ ಹಾಗೆ.

‘ಟವೆಲ್ ತರ’ ಎಂದೆ.

‘ಟವೆಲ್ ತರ ಅಂತೆ ಸ್ವಾಮೀ!’

ಕೆಲವರು ನಕ್ಕರು. ನಮ್ಮ ವಕೀಲರು ಫೈಲಿನಲ್ಲಿ ಮುಖ ಹುದುಗಿಸಿದರು. ‘ಅಂದರೆ ಲಾಕು ಹಾಕಿರಲಿಲ್ಲ. ನಿಮಗೆ ಹೇಗೆ ಗೊತ್ತು?’ ಎಂದು ಎದುರಿನವರು ಕೇಳಿದರು.

‘ಹಾಕಿರ್ನಿಲ್ಲ. ನಾನು ನೋಡಿದ್ದೆ. ಬೆಲ್ಟಿಂದು ಏನೂ ತಪ್ಪಿಲ್ಲ, ಹೊಲಿಗೇದೂ ತಪ್ಪಿಲ್ಲ. ನೋಡ್ತಾನೇ ಕುಂತಿದ್ದೆ ಸ್ವಾಮಿ.’

ಜವಾನ ಈ ಸಲ ಕೂಗಲಿಲ್ಲ. ಎಲ್ಲರಿಗೂ ಕೇಳಿಸಿತ್ತು.

ಹೊರಗೆ ಹೊಂಗೆ ಮರದ ಕೆಳಗೆ ನಿಮ್ಮಮ್ಮ ನೀರಿನ ಬಾಟಲಿ ಕೊಟ್ಟಳು. ನಾನು ಕುಡಿಯುವವರೆಗೂ ಕಾದು, ‘ನೋಡಿದ್ದೂ ಸುಮ್ಕಿದ್ಯಾ ಅವ್ವ?’ ಎಂದಳು.

‘ಹೂಂ. ಮುಟ್ಟಕ್ಕೆ ನಾಚ್ಕೆ ಆಯ್ತು.’

ಅವಳು ಬಾಟಲಿ ಇಸಿದುಕೊಂಡು ಮುಚ್ಚಳ ಬಿಗಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಳು ಕೂಡ. ‘ನಿನ್ ನಾಚ್ಕೆಗಿಷ್ಟು ಬೆಂಕಿ ಹಾಕ’ ಎಂದು ನನ್ನ ಹೆಗಲಿಗೆ ತಲೆಯಿಟ್ಟು ಜೋರಾಗಿ ಅತ್ತಳು. ಅದು ಮೂಳೆ ಮುರಿದು ಇನ್ನೂ ಸರಿಯಾಗಿ ಕೂಡದ ಕಡೆಯ ಹೆಗಲು. ಪ್ರಾಣ ಹೋಗುವಷ್ಟು ನೋಯುತ್ತಿತ್ತು. ಹೇಳಲು ನಾಚಿಕೆಯಾಗಿ ಸುಮ್ಮನೆ ನಿಂತಿದ್ದೆ.

ವಕೀಲರು ಹೇಳಿದಂತೆಯೇ ಪರಿಹಾರವನ್ನು ಕತ್ತರಿಸಿದರು. ನಿಮ್ಮಮ್ಮನ ಮದುವೆ ಛತ್ರದ ಬದಲು ಮನೆ ಮುಂದಿನ ಚಪ್ಪರದಲ್ಲಾಯಿತು. ಅದಕ್ಕೂ ಮೊದಲು ಒಂದು ಸಂಜೆ ಅವಳು ಕೆಲಸದಿಂದ ಬಂದು, ನನ್ನ ಹರಿದ ರವಿಕೆಯನ್ನು ತಾನಾಗಿಯೇ ತೆಗೆದುಕೊಂಡು ಹೊಲಿಯಲು ಕೂತಳು. ಮತ್ತೆ ಮಿಷನ್ನಿಗೆ ಹಾಕಿದ್ದಾರೆ ಎಂದು ನಾನು ಕೇಳದೆಯೇ ತಿಳಿದುಕೊಂಡೆ. ಪಟ್ಟೆಯ ಬಣ್ಣ ಒಂದು ತಿಂಗಳಲ್ಲಿ ಮಾಸಿತು. ಮೋಡ ಕವಿದ ದಿನ ಮಾತ್ರ ಆ ಜಾಗ ಈಗಲೂ ಎಳೆಯುತ್ತದೆ, ಯಾರೋ ನನ್ನನ್ನು ಸೀಟಿಗೆ ಬಿಗಿದು ಹಿಡಿದ ಹಾಗೆ.

ಹೋದ ತಿಂಗಳು ಚನ್ನಪಟ್ಟಣದ ಮದುವೆಗೆ ಬಾಡಿಗೆ ಕಾರಿನಲ್ಲಿ ಹೋದೆವಲ್ಲ, ಅವತ್ತು ಮುಂದಿನ ಸೀಟಿನಲ್ಲಿ ನಾನಿದ್ದೆ. ಡ್ರೈವರು ಮೀಸೆಯ ದೊಡ್ಡ ಆಳು. ಪೊಲೀಸರನ್ನು ಕಂಡವನೇ ಬೆಲ್ಟನ್ನು ಎಳೆದು ಹೆಗಲ ಮೇಲೆ ಇಳಿಬಿಟ್ಟುಕೊಂಡ. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಚಾಚಿ, ಅವನ ತೊಡೆಯ ಕೆಳಗಿನಿಂದ ತುದಿ ಎಳೆದು, ಟಕ್ಕೆಂದು ಲಾಕಿಗೆ ಸೇರಿಸಿಬಿಟ್ಟಿತು. ಪರಗಂಡಸು! ‘ಏನಮ್ಮೋ ಇದು!’ ಎಂದು ಅವನು ಬೆಚ್ಚಿ, ನಾಚಿ, ಚನ್ನಪಟ್ಟಣದವರೆಗೂ ನನ್ನ ಕಡೆ ತಿರುಗಲಿಲ್ಲ. ಹಿಂದೆ ನೀವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದಿರಿ. ನಾನು ಆ ಎರಡು ಲಾಕುಗಳನ್ನು ನೋಡುತ್ತ ಕೂತಿದ್ದೆ. ಎರಡೂ ತುಂಬಿದ್ದವು. ಬರೀ ಒಂದು ಗೇಣು ದೂರ, ಎಷ್ಟು ಸುಲಭದ ಕೆಲಸ. ನಮ್ಮ ಮೇಷ್ಟ್ರು ಇದ್ದಿದ್ದರೆ ಸ್ಲೇಟು ನೋಡಿ, ‘ಉತ್ತರ ಸರಿಯಾಗಿದೆಯಮ್ಮ, ಆದರೆ ಪ್ರಶ್ನೆ ಕೇಳಿದವರು ಎದ್ದು ಹೋದರಲ್ಲ’ ಎನ್ನುತ್ತಿದ್ದರೇನೋ.