ಸಾವಿರದ ನೂರ ನಲವತ್ತೇಳನೆಯ ತಿರುವು

ಆ ದೇಶದ ಏಕೈಕ ದೊಡ್ಡ ನದಿಯ ಉದ್ದ ಸಾವಿರದ ಮುನ್ನೂರ ಹನ್ನೊಂದು ಕಿಲೋಮೀಟರ್ ಎಂಬುದು, ಮಂತ್ರಿಗಳ ಗಮನ ಆ ಕಡೆ ಹರಿಯುವವರೆಗೆ, ಯಾರ ತಕರಾರೂ ಇಲ್ಲದ ಸತ್ಯವಾಗಿತ್ತು. ಅದನ್ನು ಅಳೆದವನು ನದಿ ಅಳತೆ ಕಚೇರಿಯ ಮುಖ್ಯ ಅಳತೆಗಾರ. ಕಚೇರಿಯಲ್ಲಿ ಎಲ್ಲರೂ ಅವನನ್ನು ‘ಸರಪಳಿ’ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಅಳತೆಯ ಸರಪಳಿ ಹಿಡಿದು ದಂಡೆ ಸವೆಸಿದ್ದಕ್ಕೆ ಅವನಿಗೆ ಸಿಕ್ಕ ಬಿರುದು ಅದೊಂದೇ. ಹಾಜರಿ ಪುಸ್ತಕ ಬಿಟ್ಟರೆ ಅವನ ಹೆಸರನ್ನು ಯಾರೂ ಎಲ್ಲೂ ಬರೆದಿರಲಿಲ್ಲ.

ಮಂತ್ರಿಗಳ ಗಮನ ಹರಿದದ್ದು ಹೀಗೆ. ನದಿ ಸಮುದ್ರ ಸೇರುವಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಅದರ ಮೇಲೆ ಏನು ಕೆತ್ತಬೇಕೆಂದು ಕಲ್ಲುಕುಟಿಗ ಕೇಳಿದಾಗ ಮಂತ್ರಿಗಳು ಕಾರಿನ ಕಿಟಕಿಯಿಂದಲೇ, “ಜಗತ್ತಿನ ಹತ್ತನೇ ಅತಿ ಉದ್ದದ ನದಿ ಅಂತ ಹಾಕಪ್ಪ” ಎಂದು ಹೇಳಿ ಹೊರಟುಹೋದರು. ಒಂಬತ್ತನೆಯದು ಎಂದರೆ ಜಂಬವಾಗುತ್ತದೆಂದು ಅವರು ಹತ್ತಕ್ಕೇ ತೃಪ್ತಿಪಟ್ಟಿದ್ದರು. ಈ ವಿನಯವನ್ನು ಪತ್ರಿಕೆಗಳು ಎರಡು ದಿನ ಹೊಗಳಿದವು. ಕಲ್ಲು ಆಳೆತ್ತರದ ಕರಿಕಲ್ಲು, ಅಕ್ಷರ ಬಿದ್ದ ಮೇಲೆ ತಿದ್ದುವಂಥದ್ದಲ್ಲ. ಆದ್ದರಿಂದ ನದಿಯನ್ನು ಕಲ್ಲಿಗೆ ಹೊಂದಿಸುವ ಕೆಲಸ ಅಳತೆ ಕಚೇರಿಗೆ ಬಂತು.

ನಿರ್ದೇಶಕರು ಸರಪಳಿಯನ್ನು ಕೊಠಡಿಗೆ ಕರೆಸಿಕೊಂಡರು. ಗೋಡೆಯ ಮೇಲೆ ಜಗತ್ತಿನ ಭೂಪಟವಿತ್ತು. ನಿರ್ದೇಶಕರ ಕುರ್ಚಿ ತಾಗಿ ತಾಗಿ ದಕ್ಷಿಣ ಅಮೆರಿಕದ ಕೆಳತುದಿ ಸವೆದುಹೋಗಿತ್ತು.

“ಹತ್ತನೇ ಸ್ಥಾನಕ್ಕೆ ಎಷ್ಟು ಉದ್ದ ಬೇಕ್ರೀ?”

“ನಾಲ್ಕು ಸಾವಿರದ ನಾನೂರು ಕಿಲೋಮೀಟರ್ ದಾಟಬೇಕು ಸಾರ್. ನಮ್ಮದು ಮೂರು ಸಾವಿರದ ಎಂಬತ್ತೊಂಬತ್ತು ಕಮ್ಮಿ ಬೀಳುತ್ತೆ.”

“ನದಿ ಬೆಳೆಯೋದಿಲ್ವಾ?”

“ಮಳೆಗಾಲದಲ್ಲಿ ಅಗಲ ಆಗುತ್ತೆ ಸಾರ್. ಉದ್ದ ಆಗೋದಿಲ್ಲ.”

“ಇಷ್ಟು ವರ್ಷ ಈ ಕಚೇರಿ ಏನು ಮಾಡ್ತಾ ಇತ್ತು ಅಂತ ಮೇಲಿನವರು ಕೇಳಿದ್ರೆ ನಾನೇನು ಹೇಳಲಿ?”

ಸರಪಳಿ ಪ್ರಾಮಾಣಿಕ ಮನುಷ್ಯ. ಪ್ರಾಮಾಣಿಕರಿಗೆ ಒಂದು ಚಟ ಇರುತ್ತದೆ. ಕೇಳದಿದ್ದರೂ ಗೊತ್ತಿರುವುದನ್ನೆಲ್ಲ ಹೇಳಿಬಿಡುತ್ತಾರೆ. “ಅಳತೆ ಅಂದ್ರೆ ಅಷ್ಟು ಸಲೀಸಲ್ಲ ಸಾರ್. ನೈಲ್ ಉದ್ದವೋ ಅಮೆಜಾನ್ ಉದ್ದವೋ ಅಂತ ಇವತ್ತಿಗೂ ಜಗಳ ಇದೆ. ಯಾವ ತೊರೆಯನ್ನ ಮೂಲ ಅಂತ ಹಿಡೀತೀವಿ, ಸಮುದ್ರ ಎಲ್ಲಿಂದ ಶುರು ಅಂತೀವಿ, ಅದರ ಮೇಲೆ ಉದ್ದ ಬದಲಾಗುತ್ತೆ” ಎಂದ.

ನಿರ್ದೇಶಕರ ಮುಖ ಅರಳಿತು. “ಅಂದ್ರೆ ಅವರೂ ಕೂತು ಮಾತಾಡಿ ತೀರ್ಮಾನ ಮಾಡ್ಕೊಂಡಿದ್ದಾರೆ.”

“ತೀರ್ಮಾನ ಅಲ್ಲ ಸಾರ್, ವ್ಯಾಖ್ಯೆ.”

“ನಾನೂ ಅದನ್ನೇ ಹೇಳಿದ್ದು. ಆ ಡ್ಯಾನ್ಯೂಬ್ ಎಷ್ಟು ದೇಶ ಸುತ್ತುತ್ತೆ?”

“ಹತ್ತು ಸಾರ್.”

“ಅದು ಹತ್ತು ದೇಶ ಸುತ್ತಬಹುದಾದ್ರೆ ನಮ್ಮ ನದಿಗೆ ಹತ್ತು ಬೀದಿ ಸುತ್ತೋಕೆ ಏನು ದಾಡಿ? ನೆಟ್ಟಗೆ ಹೋಗಿ ಸಮುದ್ರಕ್ಕೆ ಬೀಳೋದೇ ಅದರ ತಪ್ಪು. ತಿರುವು ಹಾಕಿ.”

“ತಿರುವು ಇದ್ರೆ ಉದ್ದ ಜಾಸ್ತಿ ಆಗುತ್ತೆ, ನಿಜ. ಆದ್ರೆ ಮಿಸಿಸಿಪಿ ನೋಡಿ ಸಾರ್, ಆಗಾಗ ತನ್ನ ತಿರುವನ್ನ ತಾನೇ ಕಡಿದು ನೆಟ್ಟಗೆ ಹರಿದುಬಿಡುತ್ತೆ.”

“ಹೇಳೋರು ಕೇಳೋರು ಇಲ್ಲದ ನದಿ ಅದು. ನಾವು ನಿಯಮ ಮಾಡೋಣ.”

ಹೀಗೆ ‘ನದಿ ವಕ್ರೀಕರಣ ನಿಯಮಾವಳಿ’ ಜಾರಿಗೆ ಬಂತು. ತಿರುವುಗಳನ್ನು ನೆಲದಲ್ಲಿ ಅಗೆಯಲು ನಲವತ್ತು ವರ್ಷ ಬೇಕೆಂದು ಎಂಜಿನಿಯರುಗಳು ತಿಳಿಸಿದ್ದರಿಂದ ನಕ್ಷೆಯಲ್ಲಿ ಮಾತ್ರ ಹಾಕತಕ್ಕದ್ದೆಂದು ನಿರ್ಧಾರವಾಯಿತು. ನಾಲ್ಕನೆಯ ನಿಯಮ ಹೀಗಿತ್ತು: “ಅಧಿಕೃತ ತಿರುವಿನೊಳಗೆ ಬರುವ ಭೂಮಿ, ಕಟ್ಟಡ ಹಾಗೂ ವ್ಯಕ್ತಿಗಳನ್ನು, ಒಣಗಿದ್ದಾಗ್ಯೂ, ಜಲವೆಂದು ಭಾವಿಸತಕ್ಕದ್ದು. ಸದರಿ ಜಲದಲ್ಲಿ ವಾಸಿಸುವವರು ಜಲದ ಶಿಸ್ತನ್ನು ಪಾಲಿಸತಕ್ಕದ್ದು.”

ಕಲ್ಲಿನ ಕೆಳಮೂಲೆಯಲ್ಲಿ ‘ಅಳತೆ’ ಎಂದು ಕೆತ್ತಿಸಿ, ಅದರ ಮುಂದೆ ಸರಪಳಿಯ ಪೂರ್ತಿ ಹೆಸರು ಹಾಕಿಸುವುದಾಗಿ ನಿರ್ದೇಶಕರು ಹೇಳಿದರು. ಸರಪಳಿ ಆ ಸಂಜೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತನ್ನ ಹೆಸರನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿದ. ಅದು ಅಷ್ಟೊಂದು ಚೆನ್ನಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ನಕ್ಷೆಯ ಮೇಲೆ ನದಿಯನ್ನು ಅಳೆಯುವುದು ದಾರದಿಂದ. ದಾರವನ್ನು ಒದ್ದೆ ಮಾಡಿ, ನದಿಯ ಗೆರೆಯ ಮೇಲೆ ಅಂಟಿಸುತ್ತ ಹೋಗಿ, ಕೊನೆಗೆ ಬಿಡಿಸಿ ಅಳತೆಪಟ್ಟಿಯ ಮೇಲೆ ನೆಟ್ಟಗೆ ಹಿಡಿಯಬೇಕು. ಇಷ್ಟೊಂದು ತಿರುವಿಗೆ ಕಚೇರಿಯ ದಾರ ಸಾಲಲಿಲ್ಲ. ಸರಪಳಿ ಅಕ್ಕನ ಮನೆಗೆ ಹೋದ. ಅಕ್ಕ ನಾಲ್ಕನೇ ಬೀದಿಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಬದುಕುತ್ತಿದ್ದಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನು ಸರ್ವೆ ಶಾಲೆಗೆ ಕಳಿಸಿದ್ದು ಅದೇ ಹೊಲಿಗೆ ಯಂತ್ರ. “ಯಾಕೋ ಇಷ್ಟು ದಾರ?” ಎಂದು ಕೇಳಿದಳು. “ಆಫೀಸಿನ ಕೆಲಸ ಅಕ್ಕ” ಎಂದ. ಅಕ್ಕ ನೀಲಿ ದಾರದ ಹನ್ನೆರಡು ಉಂಡೆ ಕೊಟ್ಟು ಊಟ ಹಾಕಿ ಕಳಿಸಿದಳು.

ಮೂರು ತಿಂಗಳಲ್ಲಿ ಎರಡು ಸಾವಿರದ ಅರವತ್ತು ತಿರುವು ಸಿದ್ಧವಾದವು. ನದಿ ಮಾರುಕಟ್ಟೆಗೆ ನುಗ್ಗಿ, ಗ್ರಂಥಾಲಯ ಸುತ್ತಿ, ಬಸ್ ನಿಲ್ದಾಣದಲ್ಲಿ ಮೂರು ಸಲ ಹೊರಳಿತು. ಸಾವಿರದ ನೂರ ನಲವತ್ತೇಳನೆಯದು ಮಾತ್ರ ತೊಡಕಾಯಿತು. ಅಲ್ಲಿ ನದಿ ಎಡಕ್ಕೆ ತಿರುಗಿದರೆ ನಿರ್ದೇಶಕರ ತೋಟ, ಬಲಕ್ಕೆ ತಿರುಗಿದರೆ ಅಕ್ಕನ ಮನೆ.

“ಎಡಕ್ಕೆ ತಿರುಗಿಸೋದು ಪ್ರಕೃತಿಗೆ ವಿರುದ್ಧ ಕಣ್ರೀ” ಎಂದರು ನಿರ್ದೇಶಕರು.

ಸರಪಳಿ ಬಹಳ ಯೋಚಿಸಲಿಲ್ಲ. ಬೇರೆಯವರ ಮನೆ ಮುಳುಗಿಸಿದರೆ ಹಿಡಿಶಾಪ ಹಾಕುತ್ತಾರೆ, ಅಕ್ಕನಾದರೆ ಎರಡು ಮಾತು ಬೈದು ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ಹತ್ತಿರದವರನ್ನು ಮೊದಲು ಮುಳುಗಿಸುವ ಈ ಲೆಕ್ಕಾಚಾರ ಅವನೊಬ್ಬನದೇ ಅಲ್ಲ, ಲೋಕದಲ್ಲಿ ಬಹಳ ಕಾಲದಿಂದ ನಡೆದುಬಂದದ್ದು. ದಾರ ಬಲಕ್ಕೆ ತಿರುಗಿತು. ಒಟ್ಟು ಉದ್ದ ನಾಲ್ಕು ಸಾವಿರದ ನಾನೂರು ಕಿಲೋಮೀಟರ್ ಮುನ್ನೂರು ಮೀಟರ್ ಆಯಿತು. ಅದರಲ್ಲಿ ಅಕ್ಕನ ತಿರುವಿನ ಪಾಲು ಏಳುನೂರು ಮೀಟರ್.

ಮರುವಾರವೇ ನಾಲ್ಕನೇ ಬೀದಿಯ ಮೂಲೆಯಲ್ಲಿ ಬಿಳಿ ಗೆರೆ ಎಳೆದು ‘ಇಲ್ಲಿಂದ ನದಿ’ ಎಂಬ ಫಲಕ ನೆಟ್ಟರು. ಗೆರೆ ದಾಟುವವರನ್ನು ದಾಟಿಸಲು ಇಲಾಖೆ ಒಬ್ಬ ಅಂಬಿಗನನ್ನು ನೇಮಿಸಿತು. ಅವನು ಹುಟ್ಟು ಹಿಡಿದು ಜನರ ಪಕ್ಕದಲ್ಲೇ ರಸ್ತೆಯ ಮೇಲೆ ನಡೆಯುತ್ತಿದ್ದ. ಬೀದಿಯವರು ಮೊದಮೊದಲು ನಕ್ಕರು, ಆಮೇಲೆ ಸಾಲಾಗಿ ನಿಲ್ಲತೊಡಗಿದರು, ಒಂದು ತಿಂಗಳಲ್ಲಿ ದೋಣಿ ತಡವಾಯಿತೆಂದು ಜಗಳ ಆಡತೊಡಗಿದರು. ಅಕ್ಕ ಮಾತ್ರ ಅಂಬಿಗನತ್ತ ತಿರುಗಿಯೂ ನೋಡದೆ ಒಬ್ಬಳೇ ದಾಟುತ್ತಿದ್ದಳು. ಅಂಬಿಗನೇನೂ ಕೆಟ್ಟವನಲ್ಲ. ತನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ದಾಟಿದ ವಿಧಾನ: ಈಜು’ ಎಂದು ದಿನಾ ಬರೆದುಕೊಳ್ಳುತ್ತಿದ್ದ. ಅರವತ್ತೆರಡರ ಪ್ರಾಯದಲ್ಲಿ ದಿನಕ್ಕೆ ನಾಲ್ಕು ಸಲ ನದಿ ಈಜುವ ಮಹಿಳೆ ಎಂದು ಕ್ರೀಡಾ ಇಲಾಖೆ ಅವಳಿಗೆ ಪ್ರಶಂಸಾಪತ್ರ ಕಳಿಸಿತು.

“ಎಲ್ಲೋ ನಿನ್ನ ನದಿ?” ಎಂದು ಅಕ್ಕ ತಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. “ತೋರಿಸು, ನಾಲ್ಕು ಬಟ್ಟೆ ಒಗೀತೀನಿ.”

“ಕಾಗದದ ಮೇಲಷ್ಟೇ ಅಕ್ಕ. ನಿನಗೇನೂ ತೊಂದರೆ ಆಗಲ್ಲ.”

“ಕಾಗದದ ಮೇಲೆ ನಾನು ಬದುಕಿದ್ದೀನಾ, ಮುಳುಗಿ ಸತ್ತಿದ್ದೀನಾ?”

“ಕಲ್ಲು ನಿಂತ ಮೇಲೆ ಎಲ್ಲ ಸರಿಮಾಡಿಸ್ತೀನಿ.”

“ನಿನ್ನ ಹೆಸರು ಕೆತ್ತೋ ಕಲ್ಲು ತಾನೆ? ಕೇಳಿದೆ” ಎಂದಳು ಅಕ್ಕ. ಆ ದಿನ ಊಟಕ್ಕೆ ಕರೆಯಲಿಲ್ಲ.

ಇಲಾಖೆಗಳು ಒಂದಕ್ಕೊಂದು ಪತ್ರ ಬರೆದುಕೊಂಡವು. ನೀರಿನೊಳಗೆ ತಂತಿ ಇರುವುದು ಅಪಾಯವೆಂದು ವಿದ್ಯುತ್ ಇಲಾಖೆ ಬೀದಿಯ ಸಂಪರ್ಕ ಕಡಿಯಿತು. ನದಿಯಲ್ಲೇ ಇರುವವರಿಗೆ ನಲ್ಲಿ ಅನಗತ್ಯವೆಂದು ನೀರಿನ ಇಲಾಖೆ ಕೊಳಾಯಿ ಮುಚ್ಚಿತು. ಅಂದಿನಿಂದ ನದಿಯ ನಡುಮಧ್ಯೆ ಕುಡಿಯಲು ಹನಿ ನೀರಿಲ್ಲದೆ ಜನ ಎರಡು ಬೀದಿ ಆಚೆಯಿಂದ ಕೊಡ ಹೊತ್ತರು. ಅಕ್ಕ ಅಟ್ಟದಿಂದ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆ ಇಳಿಸಿಕೊಂಡಳು.

ಕಲ್ಲಿನ ಅನಾವರಣಕ್ಕೆ ಒಂದು ದಿನ ಬಾಕಿ ಇತ್ತು. ಮಧ್ಯಾಹ್ನ ಅಕ್ಕನ ಇಸ್ತ್ರಿಪೆಟ್ಟಿಗೆಯಿಂದ ಒಂದು ಕೆಂಡ ಸಿಡಿದು ಬಟ್ಟೆಯ ರಾಶಿಗೆ ಬಿತ್ತು. ನೂರ ಇಪ್ಪತ್ತು ಮಕ್ಕಳ ಸಮವಸ್ತ್ರ ಒಟ್ಟಿಗೆ ಹತ್ತಿಕೊಂಡಿತು. ಮನೆಯಲ್ಲಿದ್ದ ಒಂದೂವರೆ ಕೊಡ ನೀರು ಸುರಿದು ಅಕ್ಕ ಹೊರಗೆ ಬಂದಳು. ಬೀದಿಯವರು ಕೊಡ ಹಿಡಿದು ಓಡಿದರು. ಆದರೆ ನೀರು ಎರಡು ಬೀದಿ ಆಚೆ ಇತ್ತು.

ಅಗ್ನಿಶಾಮಕ ವಾಹನ ಹತ್ತೇ ನಿಮಿಷದಲ್ಲಿ ಬಂತು, ಬಂದು ಬಿಳಿ ಗೆರೆಯ ಈಚೆ ನಿಂತಿತು. ಸುದ್ದಿ ತಿಳಿದು ನಿರ್ದೇಶಕರ ಜೊತೆ ಅವರ ಕಾರಿನಲ್ಲಿ ಸರಪಳಿಯೂ ಬಂದಿಳಿದ.

“ಯಾಕೆ ನಿಲ್ಲಿಸಿದ್ರಿ?” ಎಂದು ಕೂಗಿದ.

“ಈ ಗಾಡಿ ರಸ್ತೆಗೆ ಮಾತ್ರ ನೋಂದಣಿ ಆಗಿರೋದು ಸಾರ್” ಎಂದ ಅಗ್ನಿಶಾಮಕ ಅಧಿಕಾರಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. “ನದಿಗೆ ಇಳಿಸಿದ್ರೆ ನನ್ನ ಕೆಲಸ ಹೋಗುತ್ತೆ. ಅದೂ ಅಲ್ದೆ, ನದಿಯಲ್ಲಿ ಬೆಂಕಿ ಅನ್ನೋದಕ್ಕೆ ನಮ್ಮ ಫಾರಂನಲ್ಲಿ ಜಾಗ ಇಲ್ಲ. ನೀವು ಅಳತೆ ಕಚೇರಿಯವರಲ್ವಾ? ಇದು ನದಿ ಅಲ್ಲ ಅಂತ ಒಂದು ಸಾಲು ಬರೆದುಕೊಡಿ, ಈಗಲೇ ನುಗ್ಗಿಸ್ತೀನಿ.”

ಒಂದು ಸಾಲು. ಸರಪಳಿಯ ಜೇಬಿನಲ್ಲಿ ಪೆನ್ನಿತ್ತು, ಚೀಲದಲ್ಲಿ ಕಚೇರಿಯ ಮುದ್ರೆಯಿದ್ದ ಕಾಗದವೂ ಇತ್ತು. ವಾಹನದ ಬದಿಗೆ ಕಾಗದ ಒತ್ತಿ ಹಿಡಿದು ಪೆನ್ನಿನ ಮುಚ್ಚಳ ತೆಗೆದ.

“ಬರೀರಿ, ಬೇಡ ಅಂದವರು ಯಾರು?” ಎಂದರು ನಿರ್ದೇಶಕರು ಮೆಲ್ಲಗೆ. “ಏಳುನೂರು ಮೀಟರ್ ಹೋಗುತ್ತೆ. ಹತ್ತನೇ ಸ್ಥಾನಕ್ಕೆ ನಾನೂರು ಮೀಟರ್ ಕಮ್ಮಿಯಾಗಿ ಹನ್ನೊಂದನೆಯದಾಗುತ್ತೆ. ನಾಳೆ ಕಲ್ಲಿನ ಮೇಲೆ ಸುಳ್ಳು ಲೆಕ್ಕ, ಅದರ ಕೆಳಗೆ ನಿಮ್ಮ ಹೆಸರು. ಅಷ್ಟೇ ತಾನೆ.”

ಗೆರೆಯ ಆಚೆ ಅಕ್ಕ ನಿಂತಿದ್ದಳು, ಮುಖದ ಒಂದು ಬದಿ ಮಸಿ. ಅವಳು ತಮ್ಮನ ಕೈಲಿದ್ದ ಪೆನ್ನನ್ನೇ ನೋಡುತ್ತಿದ್ದಳು. ಅವನಿಗೆ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು, ಅದನ್ನು ಒಪ್ಪಲೇಬೇಕು. ಆದರೆ ನಾಚಿಕೆಗೂ ಕೈಗೂ ನಡುವೆ ಮೂವತ್ತೊಂದು ವರ್ಷದ ನೌಕರಿ ಇತ್ತು. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ಅಧಿಕಾರಿ ಸಮಯ ನೋಡಿ ಬರೆದುಕೊಂಡ. ಹೊಲಿಗೆ ಯಂತ್ರದ ಮೇಲೆ ಮಾಡು ಕುಸಿದ ಸದ್ದು ಗೆರೆಯ ಈಚೆಗೂ ಕೇಳಿಸಿತು.

ಮರುದಿನ ಬೆಳಗ್ಗೆ ಕಲ್ಲಿನ ಅನಾವರಣ ಸಾಂಗವಾಗಿ ನೆರವೇರಿತು. ನೈಲ್, ಅಮೆಜಾನ್, ಯಾಂಗ್ಟ್ಸಿಗಳ ಸಾಲಿನಲ್ಲಿ ನಾವೂ ನಿಂತಿದ್ದೇವೆಂದು ಮಂತ್ರಿಗಳು ಭಾಷಣ ಮಾಡಿದರು. ಸರಪಳಿಯ ಹೆಸರು ಕೆಳಮೂಲೆಯಲ್ಲಿ, ಹುಲ್ಲು ಸರಿಸಿದರೆ ಕಾಣುವಂತಿತ್ತು. ಶಾಲೆಗಳಲ್ಲಿ ಮಕ್ಕಳು ಹೊಸ ಪಟ್ಟಿಯನ್ನು ಬಾಯಿಪಾಠ ಮಾಡಿದರು, ಕೆಲವರು ಸಮವಸ್ತ್ರವಿಲ್ಲದೆ.

ಮಧ್ಯಾಹ್ನ ಸರಪಳಿ ಪರಿಹಾರದ ಅರ್ಜಿ ಹಿಡಿದು ನಾಲ್ಕನೇ ಬೀದಿಗೆ ಹೋದ. ಹಾನಿಯ ಕಾರಣ ಎಂಬಲ್ಲಿ ತಾನೇ ‘ಪ್ರವಾಹ’ ಎಂದು ತುಂಬಿದ್ದ. ತಗಾದೆ ಮಾಡುತ್ತಾಳೆಂದು ದಾರಿಯಲ್ಲಿ ಉತ್ತರಗಳನ್ನು ಜೋಡಿಸಿಕೊಂಡು ಬಂದಿದ್ದ. ಅಕ್ಕ ಸುಟ್ಟ ಹೊಸ್ತಿಲ ಮೇಲೆ ಕೂತು ಓದಿ, ಏನೂ ಕೇಳದೆ ಸಹಿ ಹಾಕಿದಳು.

“ನಮ್ಮ ಮನೆಗೆ ಬಾ ಅಕ್ಕ. ಇನ್ನು ಅಲ್ಲೇ ಇರು.”

“ಬರ್ತೀನಿ. ಇನ್ನೆಲ್ಲಿಗೆ ಹೋಗ್ಲಿ?”

ಉಳಿದದ್ದನ್ನು ಒಂದು ಚೀಲಕ್ಕೆ ತುಂಬಿಕೊಂಡು ಇಬ್ಬರೂ ಬೀದಿಗಿಳಿದರು. ಬಿಸಿಲಿಗೆ ರಸ್ತೆಯ ಧೂಳು ಕಾದಿತ್ತು. ಅಕ್ಕ ನಿಂತಳು. ಬಗ್ಗಿ ಎರಡೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು.

“ಯಾಕಕ್ಕ?”

“ಒದ್ದೆ ಆಗುತ್ತಲ್ಲ.”

ಸರಪಳಿ ಅವಳ ಮುಖವನ್ನು ಹುಡುಕಿ ನೋಡಿದ. ಅಣಕ ಕಾಣಲಿಲ್ಲ, ಕೋಪವೂ ಕಾಣಲಿಲ್ಲ. ಬೈಯುತ್ತಾಳೇನೋ ಎಂದು ಇನ್ನೊಂದು ಗಳಿಗೆ ಕಾದ. ಆಮೇಲೆ ಅವನೂ ಬಗ್ಗಿ ಬೂಟು ಬಿಚ್ಚಿದ, ಪ್ಯಾಂಟಿನ ಅಂಚು ಮಡಚಿದ.

“ಇಲ್ಲಿ ಆಳ ಎಷ್ಟಿದೆ ಅಕ್ಕ?” ಎಂದು ಕೇಳಿದ.

“ಮೊಣಕಾಲುದ್ದ” ಎಂದಳು ಅಕ್ಕ. “ನಡುವೆ ಸೆಳೆತ ಜಾಸ್ತಿ, ನನ್ನ ಕೈ ಹಿಡ್ಕೋ.”