ದೇವರ ಜಗಲಿ ಏರಿದ ಲೈಬ್ರರಿ ಪುಸ್ತಕ

ಹೆಂಗಸರು ಸೀರೆ ಆರಿಸಲು ಹೊತ್ತು ಮಾಡುತ್ತಾರೆ ಎಂದು ನಗುವ ಗಂಡಸರು ಒಂದು ಭಾನುವಾರ ನಮ್ಮೂರಿನ ಲೈಬ್ರರಿಗೆ ಬರಬೇಕು. ನಾವು ಪುಸ್ತಕ ಆರಿಸುವುದನ್ನು ನೋಡಿದರೆ ಸೀರೆ ಅಂಗಡಿಯೇ ವಾಸಿ ಎನ್ನುತ್ತಾರೆ. ತಿಂಗಳಿಗೊಂದು ಪುಸ್ತಕ, ಪುಸ್ತಕಕ್ಕೊಂದು ರಂಪ.

ನಮ್ಮೂರು ಹನುಮಸಾಗರದ ಹತ್ತಿರ. ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ಅಕ್ಕೋರು ಭಾನುವಾರ ಮಧ್ಯಾಹ್ನ ಹೆಂಗಸರನ್ನು ಕೂಡಿಸುತ್ತಾರೆ. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಓದುವವಳು ನಾನು. ಎಸ್ಸೆಸ್ಸೆಲ್ಸಿಗೇ ಓದು ನಿಂತವಳಿಗೆ ಈ ಕೆಲಸ ಸಿಕ್ಕಿದ್ದು ಜಾಣತನಕ್ಕಲ್ಲ, ಗಂಟಲಿಗೆ. ಮನೆಯಲ್ಲಿ ನಾನು ಮಗಳನ್ನು ಬೈದರೆ ಬಸ್ ಸ್ಟ್ಯಾಂಡಿನಲ್ಲಿ ಅಳುವ ಕೂಸೂ ಸುಮ್ಮನಾಗುತ್ತದೆ. ಆದರೂ ವಾರವೆಲ್ಲ ಆ ಒಂದು ತಾಸಿನ ದಾರಿ ಕಾಯುತ್ತೇನೆ. ಉಳಿದ ಹೊತ್ತೆಲ್ಲ ಉಪ್ಪೆಲ್ಲಿ, ಹಿಟ್ಟೆಲ್ಲಿ ಎಂದು ಕೇಳುತ್ತಾರೆ. ಅಲ್ಲಿ ಮಾತ್ರ, ‘ಮುಂದೇನಾತು?’ ಎಂದು ಕೇಳುತ್ತಾರೆ.

ಗಿಡದ ಬುಡದಲ್ಲಿ

ರಂಪ ಶುರುವಾಗಿದ್ದು ನಾನು ಮನೆಗೆ ತಂದ ಒಂದು ಕಾದಂಬರಿಯಿಂದ. ರಟ್ಟಿನ ಮೇಲೆ ಗಿಡದ ಕೆಳಗೆ ಕುಳಿತ ಗಂಡು ಹೆಣ್ಣಿನ ಚಿತ್ರವಿತ್ತು. ಅತ್ತೆಗೆ ಅಕ್ಷರ ಬರುವುದಿಲ್ಲ, ಚಿತ್ರ ಚೆನ್ನಾಗಿ ಬರುತ್ತದೆ.

“ಇವರಿಬ್ರೂ ಯಾರು?”

“ಕತಿಯೊಳಗಿನವ್ರು, ಅತ್ತಿ.”

“ಮದಿವಿ ಆಗೇತೇನು?”

“ಕಡೀ ಪುಟದಾಗ ಆಕ್ಕೈತ್ರಿ.”

“ಹಂಗಾರ ಮದ್ಲಿನ ಪುಟದಾಗ ಗಿಡದ ಬುಡಕ ಏನು ಮಾಡಾಕತ್ಯಾರ?”

ಹತ್ತನೇ ತರಗತಿಯವರೆಗೆ ಯಾವ ಪರೀಕ್ಷೆಯಲ್ಲೂ ಇಂಥ ಪ್ರಶ್ನೆ ಬಂದಿರಲಿಲ್ಲ. ಅಂದೇ ತೀರ್ಪಾಯಿತು. “ಬರೂ ತಿಂಗಳ ಪುಸ್ತಕ ಮದ್ಲು ನನಗ ತೋರಸು. ಮನಿಗೆ ಒಗ್ಗೂ ಪುಸ್ತಕ ಆದ್ರ ಹೋಗು. ಇಲ್ಲಂದ್ರ ಶಾವಿಗಿ ಹೊಸಕೊಂತ ಮನ್ಯಾಗ ಕುಂದ್ರು.”

ನಾಚಿಕೆಯ ತೋಳ

ಮನುಷ್ಯರ ಸಹವಾಸವೇ ಬೇಡ, ಪ್ರಾಣಿಗಳ ಪುಸ್ತಕ ಓದೋಣ ಎಂದೆ. ಪ್ರಾಣಿ ಗಿಡದ ಬುಡದಲ್ಲಿ ಕೂತರೆ ಯಾವ ಅತ್ತೆಯೂ ಕೇಳುವುದಿಲ್ಲ. ಅಕ್ಕೋರು ತೋಳದ ಪುಸ್ತಕ ತೆಗೆದರು. ನಮ್ಮ ಗುಂಪಿನಲ್ಲಿ ಕುರಿ ಸಾಕುವ ಮನೆಯ ದೊಡ್ಡಮ್ಮ ಇದ್ದಾಳೆ. ಚಿತ್ರ ನೋಡಿದ ಕೂಡಲೇ ಸೆರಗು ಕೊಡವಿ ಎದ್ದಳು.

“ಇದರ ಕತಿ ನಾ ಯಾಕ ಕೇಳ್ಲಿ? ಮದ್ಲು ನನ್ನ ಕುರಿ ತಂದು ಕೊಡಲಿ.”

“ಹಂಗಲ್ಲ ದೊಡ್ಡಮ್ಮ,” ಎಂದು ಅಕ್ಕೋರು ಸಮಾಧಾನ ಮಾಡಿದರು. “ತೋಳ ಭಾಳ ನಾಚಿಕಿ ಪ್ರಾಣಿ ಅಂತ ಇದರಾಗ ಬರದಾರ.”

“ಹೌದ್ರಿ, ನಾಚಿಕಿ ಭಾಳ. ಅದಕ್ಕ ಮುಂದಿನ ಬಾಗಲಕ್ಕ ಬರೂದಿಲ್ಲ, ಹಿಂದ ಬೇಲಿ ಹಾರಿ ಬರ್ತೈತಿ.”

ತೋಳ ಕಪಾಟಿಗೆ ವಾಪಸು ಹೋಯಿತು.

ಹೆಸರು ಹಿಡಿದರೆ

ಎರಡನೆಯದು ಹಾವಿನ ಪುಸ್ತಕ. ನಮ್ಮ ಕಡೆ ಅದರ ಹೆಸರು ಹಿಡಿಯುವುದಿಲ್ಲ, ‘ಹುಳ’ ಎನ್ನುತ್ತೇವೆ. ನಾನು ಮೊದಲ ಸಾಲು ಓದುವಷ್ಟರಲ್ಲಿ, ಶ್ರೀರಾಮನಗರದಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಗೆಳತಿ ಕಾಲು ಮೇಲೆತ್ತಿಕೊಂಡಳು. ಗದ್ದೆ, ಕಾಲುವೆಗಳ ನಡುವೆ ಬೆಳೆದವಳು, ಅವಳ ಭಯಕ್ಕೆ ಕಾರಣವಿದೆ.

“ಯಕ್ಕಾ, ಹೆಸರು ಹಿಡೀಬ್ಯಾಡ. ಹಿಡಿದ್ರ ಬಂದ ಬರ್ತಾವ.”

ದೊಡ್ಡಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದಳು: “ಖರೇ ಏನು? ಹಂಗಾರ ನಿನ್ನ ಗಂಡನ ಹೆಸರು ಹಿಡಿದು ನೋಡವಾ. ಸಂತಿಯಿಂದ ಲಗೂನ ಬರ್ತಾನೇನು.”

ತುಂಡು ಜೋಡಿಸಿದ ಪ್ರಾಣಿ

ಕೊನೆಗೆ ಸಿಕ್ಕಿದ್ದು ಪುರಾಣದ ಪ್ರಾಣಿಗಳ ದೊಡ್ಡ ಚಿತ್ರಪುಸ್ತಕ. ಎರಡು ತಲೆಯ ಹಕ್ಕಿ, ರೆಕ್ಕೆಯ ಆಕಳು, ಹಾರುವ ಕುದುರೆ. ಇವು ಯಾರ ಕುರಿಯನ್ನೂ ತಿಂದಿರಲಿಲ್ಲ, ಯಾರ ಹಿತ್ತಲಿಗೂ ಬಂದಿರಲಿಲ್ಲ. ಎಲ್ಲರೂ ಒಪ್ಪಿದರು.

ಒಂದು ಪುಟದಲ್ಲಿ ಮಕರವಿತ್ತು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಮೀನಿನ ಬಾಲ. ಶ್ರೀರಾಮನಗರದವಳು ಕೇಳಿದಳು: “ಪಾಪ, ಇದರ ತವರುಮನಿ ಯಾವುದ್ರೀ ಅಕ್ಕೋರ? ನೀರೋ, ಅಡವಿಯೋ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತವರಿನ ನಾಲಿಗೆ, ಗಂಡನ ಮನೆಯ ಕೈಕಾಲು, ಎಸ್ಸೆಸ್ಸೆಲ್ಸಿಗೆ ನಿಂತ ತಲೆ. ನಮ್ಮ ಚಿತ್ರ ಬರೆದರೂ ಹೀಗೇ ಕಾಣುತ್ತೇವಲ್ಲ, ಯಾವುದಕ್ಕೂ ಯಾವುದೂ ಹೊಂದದ ಹಾಗೆ. ಆದರೂ ಮಕರ ಈಜುತ್ತದೆ, ನಾವೂ ಬದುಕುತ್ತೇವೆ. ಇದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ದೊಡ್ಡಮ್ಮ ನನ್ನ ಬೆನ್ನು ಸವರಿದಳು. “ನಿಂದು ಬರೇ ನಾಲಿಗಿ ಬರದ್ರ ಸಾಕು ಬಿಡವಾ, ಹಾಳಿ ತುಂಬತೈತಿ.”

ಉಡಿ

ಇನ್ನು ಉಳಿದದ್ದು ಅತ್ತೆಯ ಪರೀಕ್ಷೆ. ಅವರು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಐದು ವರ್ಷದ ಮಗಳು ಪಕ್ಕದಲ್ಲಿ ಕುಳಿತು ಬೆರಳಿಟ್ಟು ತೋರಿಸಿದಳು: “ಅಜ್ಜೀ, ಇದು ಬಸವಣ್ಣ. ಇದು ಗರುಡ.”

ಅತ್ತೆ ಎದ್ದು ಕೈ ತೊಳೆದುಕೊಂಡು ಬಂದರು. ರಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ಪುಸ್ತಕವನ್ನು ದೇವರ ಜಗಲಿ ಮೇಲೆ ಹುಲಿಗೆಮ್ಮನ ಫೋಟೋದ ಪಕ್ಕ ಇಟ್ಟು ಕೈಮುಗಿದರು. “ಹೋಗವಾ. ಇಂಥಾದ್ದು ಓದಾಕ ಬ್ಯಾಡನ್ನಾಕ ನನಗೇನು ಹುಚ್ಚೇನು?”

ಭಾನುವಾರ ನಾನು ಪುಸ್ತಕಕ್ಕೆ ಕೈ ಹಾಕಿದೆ.

“ಕೈ ತಗಿ! ಜಗಲಿ ಮ್ಯಾಲಿನ ದೇವರನ್ನ ಬಗಲಾಗ ಹಿಡ್ಕೊಂಡು ಓಣಿ ತಿರುಗ್ತೀಯೇನು?”

“ನೀವ ಹೋಗು ಅಂದ್ರೆಲ್ರೀ ಅತ್ತಿ.”

“ನಿನಗ ಹೋಗಂದೀನಿ. ದೇವರಿಗೆ ಅಂದಿಲ್ಲ.”

“ಹಂಗಾರ ಫೋನಿನಾಗ ಫೋಟೋ ತಕ್ಕೊಂಡು ಹೋಗ್ತೀನ್ರಿ.”

“ಆ ಫೋನ್ ನೀ ಎಲ್ಲೆಲ್ಲಿ ಒಯ್ತೀ ಅಂತ ನನಗ ಗೊತ್ತಿಲ್ಲೇನು?”

ದಾರಿ ಕಾಣದೆ ಎಲ್ಲರನ್ನೂ ನಮ್ಮ ಮನೆಗೇ ಕರೆದೆ. ಕಾಲು ತೊಳೆದುಕೊಂಡು ಬಂದು ಜಗಲಿಯ ಮುಂದೆ ಕುಳಿತರು. ಹೊರಗೆ ಹೋಗಲು ಒಂದು ತಾಸು ಕೇಳಿದವಳ ಮನೆಯೊಳಗೇ ಲೈಬ್ರರಿ ಬಂದು ಕೂತಿತು. ನಾನು ನಿಂತುಕೊಂಡೇ ಓದಿದೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತ, ನಮಗೂ ತಮಗೂ ಸಂಬಂಧವಿಲ್ಲ ಎನ್ನುವ ಹಾಗೆ ಕುಳಿತಿದ್ದರು. ನೀರು ಕುಡಿಯಲು ನಾನು ಓದು ನಿಲ್ಲಿಸಿದೆ. ಬಾಗಿಲ ಕಡೆಯಿಂದ ದನಿ ಬಂತು.

“ಮುಂದೇನಾತು?”

ಮದುವೆಯಾಗಿ ಬಂದ ಮೇಲೆ ಅತ್ತೆ ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಈ ಪ್ರಶ್ನೆ ಅದೇ ಮೊದಲು. ತಂಬಿಗೆ ಕೆಳಗಿಟ್ಟು ಹಾಳೆ ತಿರುವಿದೆ.

ತಿಂಗಳಾದ ಮೇಲೆ, ಭಾನುವಾರದ ಓದು ಮುಗಿದಾಗ, ಅಕ್ಕೋರು ಎಲ್ಲರೆದುರು ಅಳುಕುತ್ತ ಪುಸ್ತಕ ವಾಪಸು ಕೇಳಿದರು. ಅತ್ತೆ ತಾವೇ ಇಳಿಸಿದರು. “ಮನಿಯಿಂದ ಹೊರಟಾಕಿನ್ನ ಬರಿ ಉಡೀಲಿ ಕಳಸಬಾರದು,” ಎಂದು ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ತಂದರು. ಪುಸ್ತಕಕ್ಕೆ ಸೆರಗಿಲ್ಲವಲ್ಲ, ಉಡಿಯನ್ನು ಅಕ್ಕೋರ ಸೆರಗಿಗೇ ತುಂಬಿದರು. ರಟ್ಟಿನ ಕುಂಕುಮ ನೋಡಿ ಬೈಯಲು ಬಾಯಿ ತೆರೆದ ಅಕ್ಕೋರು ತುಂಬಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಬರೂ ಭಾನುವಾರದಿಂದ ಈಕಿ ಜೋಡಿ ನಾನೂ ಲೈಬ್ರರಿಗೆ ಬರ್ತೀನ್ರಿ,” ಎಂದರು ಅತ್ತೆ. ನನಗೆ ಅಪ್ಪಣೆ ಸಿಕ್ಕಿತು, ಅಪ್ಪಣೆ ಕೊಟ್ಟವರ ಸಮೇತ. “ಆ ತ್ವಾಳದ ಪುಸ್ತಕ ಐತೆಂತಲ್ಲ, ಅದನ್ನ ಓದಸ್ರಿ. ಪಾಪ, ನಾಚಿಕಿ ಭಾಳ ಅಂತ. ಮುಂದಿನ ಬಾಗಲ ತಗದು ಕರದು, ಅದಕ್ಕೂ ಉಡಿ ತುಂಬಿ ಕಳಸೂಣು.”

ಮೂಲೆಯಲ್ಲಿದ್ದ ದೊಡ್ಡಮ್ಮ ತಲೆ ಎತ್ತಿದಳು.

“ಉಡಿಗೆ ಬರೇ ಅಕ್ಕಿ ಹಾಕ್ರಿ, ಸಾಕು. ಕುರಿ ನಮ್ಮನಿಯಿಂದ ಆಗಲೇ ಮುಟ್ಟ್ಯಾವ.”