ಸೇತುವೆ ಬೇಡವೆಂದವನ ಮತ

ಒಮ್ಮೆ ಬಾಯಿಂದ ‘ಇಲ್ಲ’ ಎಂದು ಬಂದುಬಿಟ್ಟರೆ ಅದನ್ನು ‘ಹೌದು’ ಮಾಡುವುದು ನನ್ನಿಂದಾಗದ ಕೆಲಸ. ಮನಸ್ಸು ಯಾವತ್ತೋ ಒಪ್ಪಿರುತ್ತದೆ, ಬಾಯಿ ಮಾತ್ರ ಜಗ್ಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಸುನಂದಾ ಮಾಡಿದ ಹಾಗಲಕಾಯಿ ಪಲ್ಯವನ್ನು ಸುತಾರಾಂ ಬೇಡ ಎಂದಿದ್ದೆ. ಅವಳು ಸ್ನಾನಕ್ಕೆ ಹೋದಾಗ ಬಾಣಲೆಯ ಮುಂದೆ ನಿಂತೇ ಅರ್ಧ ಖಾಲಿ ಮಾಡಿ, ಏನೂ ಆಗಿಲ್ಲವೆಂಬಂತೆ ಮುಚ್ಚಳ ಮುಚ್ಚಿದೆ. ಆಮೇಲೂ ಹಾಗೆಯೇ ಕದ್ದು ತಿನ್ನುತ್ತಾ, ಅವಳಿಗೆ ಅದು ಗೊತ್ತೇ ಆಗಿಲ್ಲವೆಂದು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ. ಇಂಥವನಿಗೆ ಜರ್ಮನಿಯ ಪೌರತ್ವ ಸಿಕ್ಕ ಮೇಲೆ ಬಂದ ಮೊದಲ ಮತದಾನದಲ್ಲಿ ಅಭ್ಯರ್ಥಿಗಳೇ ಇರಲಿಲ್ಲ. ಚೀಟಿಯಲ್ಲಿ ಇದ್ದದ್ದು ಒಂದು ಹೌದು, ಒಂದು ಇಲ್ಲ.

ಸ್ಟುಟ್‌ಗಾರ್ಟ್‌ನಿಂದ ಎಸ್-ಬಾನ್ ರೈಲಿನಲ್ಲಿ ಅರ್ಧ ಗಂಟೆ ದೂರದ ಸಣ್ಣ ಊರು ನಮ್ಮದು, ನಡುವೆ ನೆಕ್ಕರ್ ನದಿ. ನದಿಯ ಮೇಲಿನ ಕಾಲುಸೇತುವೆ ಬಿರುಕು ಬಿಟ್ಟಿದೆಯೆಂದು ಒಂದು ದಿನ ಬೇಲಿ ಹಾಕಿದರು. ಹೊಸದು ಕಟ್ಟಲು ನಗರಸಭೆಯಲ್ಲಿ ಹಣವಿರಲಿಲ್ಲ. ಊರವರಿಗೇ ಬಾಂಡ್ ಮಾರಿ, ಬಂದ ಹಣದಲ್ಲಿ ಸೇತುವೆ ಕಟ್ಟಿ, ಆಮೇಲೆ ಬಡ್ಡಿ ಸಮೇತ ಹಿಂದಿರುಗಿಸುತ್ತೇವೆ, ಒಪ್ಪಿಗೆಯೋ ಇಲ್ಲವೋ ನೀವೇ ಮತ ಹಾಕಿ ಹೇಳಿ ಎಂದರು ಮೇಯರ್.

ನಾನು ಮೊದಲ ದಿನವೇ ವಿರೋಧಿಸಿದೆ. ಕಾರಿನ ಬ್ರೇಕ್ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ನಾನು. ಮುಂದೆ ಹೋಗುತ್ತಿರುವುದನ್ನು ನಿಲ್ಲಿಸುವುದೇ ನನ್ನ ಕಸುಬು. ಅದೂ ಅಲ್ಲದೆ, ಧಾರವಾಡದಲ್ಲಿ ನಮ್ಮಪ್ಪ ಕಂತಿನಲ್ಲಿ ಸೈಕಲ್ ಕೊಳ್ಳಲು ಒಪ್ಪದೆ ಮೂರು ವರ್ಷ ಕಚೇರಿಗೆ ನಡೆದುಕೊಂಡೇ ಹೋದವರು. ಅವರ ಮಗನಾಗಿ ಎಸ್-ಬಾನ್‌ನಲ್ಲಿ, ಕನ್ನಡ ಕೂಟದ ಊಟದಲ್ಲಿ, ಮನೆಯ ಬಾಲ್ಕನಿಯಲ್ಲಿ ಭಾಷಣ ಬಿಗಿದೆ. ಸುನಂದಾ ಒಂದೇ ಮಾತು ಹೇಳಿದಳು: “ರೀ, ಸಾಲ ಕೊಡೋರು ನಾವು, ತೊಗೊಳ್ಳೋದು ನಗರಸಭಾ. ಅದರಾಗ ನಿಮಗೇನ್ರಿ ತ್ರಾಸು?” ನಾನು ಭಾಷಣವನ್ನು ಮೊದಲಿನಿಂದ ಶುರುಮಾಡಿದೆ.

ಅವಳಿಗೆ ಚಿಂತೆಯಿದ್ದದ್ದು ಕೆಳಗಿನ ಮನೆಯ ಫ್ರಾವ್ ಕ್ಲೈನ್ ಅವರದು. ಎಂಬತ್ತು ದಾಟಿದ ಆ ಅಜ್ಜಿ ಪ್ರತಿ ಭಾನುವಾರ ಸೇತುವೆ ದಾಟಿ, ಆಚೆ ದಡದಲ್ಲಿರುವ ಗಂಡನ ಸಮಾಧಿಗೆ ಹೂವಿಟ್ಟು ಬರುತ್ತಿದ್ದರು. ಸುತ್ತಿ ಹೋಗೋಣವೆಂದರೆ ಭಾನುವಾರ ಬಸ್ಸಿಲ್ಲ. ಪಾಪ, ಬೇಲಿಯವರೆಗೆ ಹೋಗಿ, ಹೂವು ಹಿಡಿದು ಸ್ವಲ್ಪ ಹೊತ್ತು ನಿಂತು ವಾಪಸಾಗುತ್ತಿದ್ದರು. ಸುನಂದಾ ಮನೆಯಲ್ಲಿಲ್ಲದ ಒಂದು ಭಾನುವಾರ ನಾನೇ ಅವರನ್ನು ಕಾರಿನಲ್ಲಿ ಕರೆದೊಯ್ದೆ. ಸಮಾಧಿಯ ಮುಂದೆ ನಿಂತು ಗಂಡನಿಗೆ ನನ್ನ ಪರಿಚಯ ಮಾಡಿಕೊಟ್ಟರು. “ಇವರು ಮೇಲಿನ ಮನೆಯವರು. ಭಾನುವಾರದ ನಿದ್ದೆ ಬಿಟ್ಟು ಬಂದಿದ್ದಾರೆ. ಸೇತುವೆ ಆಗುವವರೆಗೆ ನಾನು ಬರುವುದು ತಪ್ಪಿದರೆ ಬೇಸರ ಮಾಡಿಕೊಳ್ಳಬೇಡ” ಎಂದರು. ವಾರವಾರವೂ ಕರೆತರುತ್ತೇನೆ ಎಂದರೆ ಅಜ್ಜಿ ಒಪ್ಪಲಿಲ್ಲ. ಗಂಡನನ್ನು ನೋಡಲು ತಮ್ಮ ಕಾಲ ಮೇಲೆಯೇ ಬರಬೇಕಂತೆ. ನನ್ನ ಮನಸ್ಸು ಅಲ್ಲೇ ಬದಲಾಯಿತು. ಆದರೆ ಆ ಸಂಜೆಯೂ ಬಾಲ್ಕನಿಯಲ್ಲಿ ಬಾಂಡಿನ ವಿರುದ್ಧ ಭಾಷಣ ಮಾಡಿದೆ. ದನಿ ಸ್ವಲ್ಪ ಇಳಿದಿತ್ತು, ಅಷ್ಟೇ.

ಮತದಾನ ನಡೆದದ್ದು ಶಾಲೆಯಲ್ಲಿ. ಮತದಾನ ನಡೆಸಿ ಎಣಿಸುವ ತಂಡಕ್ಕೆ ನಗರಸಭೆಯವರು ಸುನಂದಾಳನ್ನೂ ಸೇರಿಸಿಕೊಂಡಿದ್ದರು. ಮೇಜಿನ ಹಿಂದೆ ಕೂತ ನನ್ನ ಹೆಂಡತಿ ನನ್ನನ್ನು ಎಂದೂ ಕಂಡೇ ಇಲ್ಲದವಳ ಹಾಗೆ ಗುರುತಿನ ಚೀಟಿ ಕೇಳಿದಳು. ತೋರಿಸಿ, ಮರೆಗೆ ಹೋಗಿ ಮತಚೀಟಿ ಬಿಡಿಸಿದೆ. ಒಂದನೇ ಇಯತ್ತೆಯಿಂದಲೂ ಕಾಗದದ ನೆತ್ತಿಗೆ ‘ಶ್ರೀ’ ಬರೆಯದೆ ನಾನು ಮುಂದೆ ಹೋದವನಲ್ಲ. ಕಿರಾಣಿ ಪಟ್ಟಿ, ರಜೆಯ ಅರ್ಜಿ, ತೆರಿಗೆಯ ಕಾಗದ, ಎಲ್ಲಕ್ಕೂ ಅದೇ ಪದ್ಧತಿ. ಇಲ್ಲಿಯೂ ಬರೆದೆ. ಫ್ರಾವ್ ಕ್ಲೈನ್ ಅವರನ್ನು ನೆನೆದು ‘ಹೌದು’ ಎಂಬುದರ ಮುಂದೆ ಗುರುತು ಹಾಕಿ, ಮಡಚಿ ಪೆಟ್ಟಿಗೆಗೆ ಬಿಟ್ಟೆ. ಹೊರಡುವಾಗ ‘ಇಲ್ಲ’ ಹಾಕಿದವನ ಮುಖ ಮಾಡಿಕೊಂಡು ಸುನಂದಾಳ ಕಡೆ ನೋಡುವುದನ್ನು ಮರೆಯಲಿಲ್ಲ.

ಎಣಿಕೆ ಮುಗಿಸಿ ಅವಳು ಊಟದ ಹೊತ್ತಿಗೆ ಬಂದಳು. ಸೇತುವೆ ಗೆದ್ದಿತ್ತು. “ಆತು ಬಿಡು, ಜನಾ ಹೇಳಿದಮ್ಯಾಲೆ ಮುಗೀತು” ಎಂದು ನಾನು ಸೋತವನ ನಿಟ್ಟುಸಿರು ಬಿಟ್ಟೆ.

“ನಮ್ಮ ಕೇಂದ್ರದಾಗ ಒಂದ ಮತ ಅಸಿಂಧು ಆತ್ರಿ” ಎಂದಳು ಸುನಂದಾ, ತಟ್ಟೆ ಹಾಕುತ್ತಾ.

“ಯಾಕ?”

“ಚೀಟಿ ಮ್ಯಾಲೆ ಗುರುತು ಬಿಟ್ಟು ಬ್ಯಾರೆ ಏನೂ ಬರೀಬಾರದು. ಯಾರೋ ಮ್ಯಾಲೆ ಏನೋ ಬರದಿದ್ರು. ನಮ್ಮ ಮುಖ್ಯಸ್ಥರು ಹಿಂದಮುಂದ ತಿರುಗಿಸಿ ನೋಡಿ, ಮೀನಿನ ಚಿತ್ರ ಇರಬೇಕು ಅಂದ್ರು.”

“ನೀ ಏನಂದಿ?”

“ಇರಬಹುದು ಅಂದೆ.”

ಹರಿದ ಚಪಾತಿಯ ತುಂಡನ್ನು ತಟ್ಟೆಗೇ ಇಟ್ಟೆ. ನೀರು ಕುಡಿದು, ಆದಷ್ಟು ಸಹಜವಾಗಿ, ಆ ಮೀನಿನವರು ಗುರುತು ಯಾವುದಕ್ಕೆ ಹಾಕಿದ್ದರು ಎಂದು ಕೇಳಿದೆ.

“ಅದನ್ನ ಹ್ಯಾಂಗ ಹೇಳಲಿ? ಗುಟ್ಟಿನ ಮತದಾನ” ಎಂದವಳು, ಕೇಳದೆಯೇ ಹಾಗಲಕಾಯಿ ಪಲ್ಯವನ್ನು ನನ್ನ ತಟ್ಟೆಗೆ ಬಡಿಸಿದಳು. ದೊಡ್ಡ ಸೌಟಿನ ತುಂಬ. “ನೀವು ಬ್ಯಾಡ ಅಂತೀರಿ, ಗೊತ್ತದ. ತಿನ್ರಿ.”

ತಿಂದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಕೂತುಕೊಂಡು.

ಮುಂದಿನ ತಿಂಗಳು ಬಾಂಡಿನ ಮಾರಾಟ ಶುರುವಾಯಿತು. ಕೂಟದ ಗೆಳೆಯರ ಮುಂದೆ ನನ್ನ ವಿರೋಧ ಈಗಲೂ ಹಾಗೆಯೇ ಇದೆ. ಈ ಬರಹ ಅವರ ಕಣ್ಣಿಗೆ ಬೀಳದಿದ್ದರೆ ಸಾಕು. ಸುನಂದಾ ಅರ್ಜಿ ತಂದು, ಫ್ರಾವ್ ಕ್ಲೈನ್ ಅವರ ಸೇತುವೆಗೆ ನಮ್ಮದೂ ಒಂದು ಬಾಂಡ್ ಇರಲಿ ಎಂದು ಮೇಜಿನ ಮೇಲಿಟ್ಟಳು. “ಬ್ಯಾಡ” ಎಂದು ಹೇಳುತ್ತಲೇ ಪೆನ್ನು ತೆಗೆದುಕೊಂಡೆ. ನೋಡಿದರೆ ಅವಳು ಅರ್ಜಿಯ ಎರಡು ಪ್ರತಿ ತಂದಿದ್ದಳು. ಎರಡು ಯಾಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ, ಮೊದಲನೆಯದರ ನೆತ್ತಿಗೆ ನಾನು ‘ಶ್ರೀ’ ಬರೆದಾಗಿತ್ತು. ಅವಳು ಎರಡನೆಯದನ್ನು ಮುಂದೆ ಸರಿಸಿದಳು.